ಮೊದಲ ಗೇರು

ನಿನ್ನೆ ರಾತ್ರಿ ಮೇಲಿನ ಹೋಟೆಲಿಗೆ ನೀರು ಇಳಿಸಿ
ತಿರುಗುವಷ್ಟರಲ್ಲಿ ರಸ್ತೆ ಮುಚ್ಚಿದ್ದರು.
ಜಬಲ್ ಅಖ್ದರಿನ ತಿರುವು, ಖಾಲಿ ಟ್ಯಾಂಕರು,
ಚಕ್ರಕ್ಕೆ ಕಲ್ಲು ಕೊಟ್ಟು ಮಲಗಿದೆ.
ಬೆಳಿಗ್ಗೆ ಎದ್ದರೆ ಡಾಂಬರಿನ ಮೇಲೆ ಸುಣ್ಣದಲ್ಲಿ
ಯಾರದೋ ಹೆಸರು. ನಮ್ಮವನದಲ್ಲ.

ನಮ್ಮವನು ಅಂದೆ. ನಮ್ಮವನೇನಲ್ಲ.
ಎರಿಟ್ರಿಯದವನಂತೆ, ಕಿಫ್ಲೋಮ್, ಮೂವತ್ತು ದಾಟಿದವನು,
ಆರು ವರ್ಷ ಬೇರೆಯವರಿಗೆ ಬಾಟಲಿ ಹೊತ್ತವನು:
ಹಿಂದೆ ಕಾರಿನ ತನಕ ಹೋಗಿ, ಅಂಗಿಯೊಳಗೆ ಏಳೆಂಟು ತುರುಕಿಕೊಂಡು
ಬಸುರಿಯಂತೆ ಉಬ್ಬಿ ಮತ್ತೆ ಮುಂದೆ ಬಂದು
ಹಂಚಿ, ಎಲ್ಲರಿಗೂ ಮರೆತುಹೋಗುವವನು.
ಎರಡನೇ ದಿನ ಕುರಯ್ಯಾತಿನ ಹತ್ತಿರ ಗಾಳಿ ಅಡ್ಡ ಬೀಸಿತು,
ದೊಡ್ಡವರು ನೀನು ಮೊದಲು, ನೀನು ಮೊದಲು ಎಂದು
ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ
ಇವನು ಹೋಗಿಬಿಟ್ಟಿದ್ದ.
ಒಂದೂಮುಕ್ಕಾಲು ನಿಮಿಷ. ಕೆಂಪಂಗಿ.
ಮೂರನೇ ದಿನಕ್ಕೆ ಐವತ್ತು ಸೆಕೆಂಡು. ನಿನ್ನೆಗೆ ಹತ್ತೊಂಬತ್ತು.
ಬಿಸಿಲಲ್ಲಿ ಹಿಡಿದ ಐಸ್‌ಕ್ಯಾಂಡಿ.

ಹತ್ತೊಂಬತ್ತು ಸೆಕೆಂಡು ಅಂದರೆ ಎಷ್ಟು?
ವಾಲ್ವು ತಿರುಗಿಸಿದ ಮೇಲೆ ಪೈಪು ಮೊದಲು ಕೆಮ್ಮಿ,
ಗಾಳಿ ಉಗುಳಿ, ಆಮೇಲೆ ನೀರಾಗುವಷ್ಟು.
ಹೊನ್ನಾವರಕ್ಕೆ ಫೋನು ಹಚ್ಚಿದರೆ ಹೆಂಡತಿ
"ಈಗ ಕೇಳ್ತಾ ಇದೆಯಾ" ಅನ್ನುವವರೆಗಿನಷ್ಟು.

ಉಳಿಸಿಕೊಳ್ಳಲ್ಲ ಅಂದೆ. ಒಂದು ರಿಯಾಲು ಪಂಥ.
ಶೇರ್‌ಜಮಾನ್ ಸ್ವಾತಿನವನು, ಅವನಿಗೆ ಎಲ್ಲರ ಮೇಲೂ ನಂಬಿಕೆ;
ನನಗೆ ಈ ರಸ್ತೆಯ ಮೇಲೆ.
ಒಂಬತ್ತು ವರ್ಷ ಇದರ ಮೈಯೆಲ್ಲ ಕ್ಲಚ್ಚಿನಲ್ಲಿ ಸವರಿದ್ದೇನೆ.
ಎಲ್ಲಿ ಇಂಜಿನ್ನು ಅಳುತ್ತದೆ, ಎಲ್ಲಿ ಬ್ರೇಕು ನಾರುತ್ತದೆ, ಗೊತ್ತು.
ಬ್ರೇಕು ಹೋದವರಿಗೆಂದು ಅಲ್ಲಲ್ಲಿ ಜಲ್ಲಿಯ ಏರು ಕಟ್ಟಿದ್ದಾರೆ,
ಅದು ಇಳಿಯುವವರಿಗೆ. ಏರುವಾಗ ಉಸಿರು ಹೋದವನಿಗೆ
ಅಂಥದ್ದೇನೂ ಇಲ್ಲ.

ಸುಲೈಮ್ ಬಿನ್ ಗರೀಬ್ ದಾಳಿಂಬೆ ತೋಟದಿಂದ ಬಂದ:
ಫ್ಲಾಸ್ಕು, ಖರ್ಜೂರ, ಇಬ್ಬರು ಮೊಮ್ಮಕ್ಕಳು.
ಯಾರು ಗೆಲ್ಲುತ್ತಾರೆ, ಕೇಳಿದೆ.
ಕಾಫಿ ಕುಡಿ ಅಂದ.

ಮೊದಲು ಹೆಲಿಕಾಪ್ಟರು. ಮೇಕೆಗಳು ಚೆದುರಿದವು.
ಆಮೇಲೆ ಮೋಟಾರ್‌ಸೈಕಲ್ಲು, ಆಮೇಲೆ ಅವನು.
ಇವನಲ್ಲ. ಆ ಎರಡನೆಯವನು, ಸುಣ್ಣದ ಹೆಸರಿನವನು,
ಮುಖದ ಒಂದು ಗೆರೆ ಅಲುಗದೆ
ಲಿಫ್ಟಿನಲ್ಲಿ ನಿಂತವನ ಹಾಗೆ ಮೇಲೆ ಹೋದ.

ಎಣಿಸಲು ಶುರು ಮಾಡಿದೆ. ಯಾಕೆ ಅಂತ ಕೇಳಬೇಡಿ.
ಕನ್ನಡದಲ್ಲಿ, ಜೋರಾಗಿ, ಶಾಲೆಯ ಮಗ್ಗಿಯ ಹಾಗೆ.
ಆರು. ಏಳು. ತಿರುವು ಖಾಲಿ.
ಒಂಬತ್ತು. ಸುಲೈಮನ ಮೊಮ್ಮಗಳೂ ಸೇರಿಕೊಂಡಳು
ಅವಳ ಭಾಷೆಯಲ್ಲಿ, ಅವಳ ಲೆಕ್ಕ ನನ್ನದಕ್ಕಿಂತ ಮುಂದೆ.
ಹನ್ನೆರಡು. ಶೇರ್‌ಜಮಾನ್ ಟೋಪಿ ತೆಗೆದ.
ಹದಿನಾಲ್ಕಕ್ಕೆ
ಕೆಂಪು.

ಬಾಯಿ ತೆರೆದಿತ್ತು. ಜೊಲ್ಲು ಗಲ್ಲದಿಂದ ನೂಲಾಗಿ ಇಳಿದಿತ್ತು.
ಒಂದು ಮೊಣಕಾಲು ಹೊರಕ್ಕೆ, ಚಕ್ರ ಹಾವಿನ ಹಾಗೆ,
ಭುಜ ತುಂಬಿದ ಟ್ಯಾಂಕರಿನ ಹಾಗೆ ಅತ್ತ ಇತ್ತ.
ಆ ತುಯ್ದಾಟ ನನಗೆ ಗೊತ್ತು: ಅದು ಮೊದಲ ಗೇರು,
ಅದರ ಕೆಳಗೆ ಇನ್ನೊಂದು ಗೇರಿಲ್ಲ.
ಬಾಟಲಿ ಎಸೆದ, ಯಾರಿಗೆಂದೂ ಅಲ್ಲ, ಭಾರ ಬೇಡವೆಂದು.
"ಮುಂದೆ ಇನ್ನೂರು ಮೀಟರು ಸಪಾಟು!" ಕೂಗಿದೆ,
"ಅಲ್ಲಿ ಉಸಿರು ತಗೋ ಮಾರಾಯಾ, ಆಮೇಲೆ ಎರಡೇ ತಿರುವು!"
ಅವನಿಗೆ ಕನ್ನಡ ಎಲ್ಲಿಂದ ಬರಬೇಕು.
ಬಂಡೆ ಅವನನ್ನು ಮರೆಮಾಡಿತು.

ಬಾಟಲಿ ಟ್ಯಾಂಕರಿನ ಕೆಳಗೆ ಉರುಳಿ ನಿಂತಿತ್ತು.
ತಳದಲ್ಲಿ ಎರಡು ಗುಟುಕು. ಕುಡಿದೆ. ಬಿಸಿ, ಸಪ್ಪೆ,
ಸ್ವಲ್ಪ ಪ್ಲಾಸ್ಟಿಕ್ಕು.
ಅವರ ತಂಡ ತಂಗಿದ್ದು ಮೇಲಿನ ಹೋಟೆಲಿನಲ್ಲೇ ಅನ್ನುತ್ತಾರೆ;
ಹಾಗಿದ್ದರೆ ನಾನೇ ತಂದ ನೀರು.

ನಾಲ್ಕಕ್ಕೆ ರಸ್ತೆ ಬಿಟ್ಟರು.
ಖಾಲಿ ಗಾಡಿಯಾದರೂ ಮೊದಲ ಗೇರಿನಲ್ಲೇ ಇಳಿದೆ,
ಬಾಟಲಿ ಸೀಟಿನ ಪಕ್ಕ ಗಡಗಡ ಅನ್ನುತ್ತ,
ಜೇಬಿನಲ್ಲಿ ಒಂದು ರಿಯಾಲು ಕಡಿಮೆ.